ಕೋಟೆಯಮ್ಮ ಬಿಟ್ಟ ಸಂದು

ಅವರ ಮನೆಯ ಬಾಗಿಲು ತಟ್ಟಿದಾಗ ನಾನು ಕನ್ನಡದಲ್ಲೇ ಮಾತಾಡಿದ್ದೆ. "ಮನೇಲಿ ಯಾರಿದ್ದೀರಮ್ಮ?" ಎಂದು ಕೇಳಿದ್ದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಎಂಬತ್ತರ ದಶಕದ ಶುರುವಿನ ಮಾತು. ಸಾಂಟಾ ಕ್ಲಾರಾಕ್ಕೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಒಂದೇ ಥರದ ಕಂದು ಬಾಗಿಲುಗಳ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ ಯಾವುದೆಂದು ದಿನಾ ಹುಡುಕಾಡುತ್ತಿದ್ದವಳಿಗೆ ಒಂದು ಶನಿವಾರ ಕೆಳಗಿನ ಮನೆಯೊಂದರ ಮೆಟ್ಟಿಲ ಮೇಲೆ ರಂಗೋಲಿ ಕಂಡಿತು. ತೊಳೆದ ಸಿಮೆಂಟಿನ ಮೇಲೆ ಬಿಳಿಯ ಎಳೆ ಬಳ್ಳಿಯಂತೆ ಸುತ್ತಿ, ತನ್ನನ್ನೇ ದಾಟಿ, ಹೊಸ್ತಿಲ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಹಾಸನದಲ್ಲಿ ಹುಟ್ಟಿದ ಯಾವ ಹೆಣ್ಣಾದರೂ ಅಂಥ ಹೊತ್ತಿನಲ್ಲಿ ಏನು ಮಾಡುತ್ತಾಳೋ ಅದನ್ನೇ ನಾನೂ ಮಾಡಿದೆ.

ಬಾಗಿಲು ತೆರೆದವರು ಅರವತ್ತು ದಾಟಿದ ಬಿಳಿಯ ಹೆಂಗಸು. ನೆಟ್ಟಗಿನ ಬೆನ್ನು, ಕೆಂಪು ಮೂಗು, ಸೊಂಟಕ್ಕೆ ಕಟ್ಟಿದ ಒದ್ದೆ ಏಪ್ರನ್ನು. ನಾನು ನಾಲಿಗೆ ಕಚ್ಚಿಕೊಂಡು ಮೆಟ್ಟಿಲ ಕಡೆ ಬೆರಳು ಮಾಡಿದೆ. ಅವರು ಮೆಟ್ಟಿಲು ನೋಡಿದರು, ನನ್ನ ಹಣೆಯ ಕುಂಕುಮ ನೋಡಿದರು, ಏನೋ ಹೇಳಿದರು. ಒಂದಕ್ಷರವೂ ತಿಳಿಯಲಿಲ್ಲ. ಒಳಗೆ ಕರೆದು ಟೀ ಕೊಟ್ಟರು. ಅಮೆರಿಕಕ್ಕೆ ಬಂದ ಮೇಲೆ ಕೇಳದೆಯೇ ಹಾಲು ಹಾಕಿ ಟೀ ಕೊಟ್ಟವರು ಅವರೊಬ್ಬರೇ.

ಅವರ ನಿಜವಾದ ಹೆಸರು ಇಲ್ಲಿ ಬೇಡ. ಕೆಲವು ವರ್ಷಗಳ ಮೇಲೆ ನಮ್ಮಮ್ಮ ಊರಿಂದ ಬಂದಾಗ ಅವರಿಗೆ ಕೋಟೆಯಮ್ಮ ಎಂದು ಹೆಸರಿಟ್ಟರು, ನಮ್ಮ ಮನೆಯಲ್ಲಿ ಅದೇ ನಿಂತಿತು. ನಾನಂತೂ ಎದುರಿಗೆ ಮಿಸೆಸ್ ಸೇರಿಸಿಯೇ ಕರೆಯುತ್ತಿದ್ದೆ. ಆ ಕಾಂಪೌಂಡಿನ ಚಿಳ್ಳೆಪಿಳ್ಳೆಗಳೆಲ್ಲ ಅವರನ್ನು ಹೆಸರು ಹಿಡಿದು ಕೂಗುವುದನ್ನು ಕೇಳಿದರೆ ನನಗೆ ಮೈಯುರಿಯುತ್ತಿತ್ತು. ಅವರಿಗೂ ಉರಿಯುತ್ತಿತ್ತೆಂದು ಆಮೇಲೆ ಗೊತ್ತಾಯಿತು. ನಮ್ಮಿಬ್ಬರ ಸ್ನೇಹ ಕುದುರಿದ್ದಕ್ಕೆ ಅದೊಂದು ಕಾರಣ. ಇನ್ನೊಂದು ಕಾರಣ ನಮ್ಮ ಇಂಗ್ಲಿಷು. ಅವರದು ಸ್ಕಾಟ್ಲೆಂಡಿನದು, ನನ್ನದು ಹಾಸನದ್ದು. ಗ್ರೋಸರಿ ಅಂಗಡಿಯಲ್ಲಿ ಇಬ್ಬರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗಾಗಿ ನಾವು ಒಬ್ಬರಿಗೊಬ್ಬರು ನಿಧಾನವಾಗಿ ಮಾತಾಡುವುದನ್ನು ಕಲಿತೆವು.

ಆ ಹೆಸರಿಗೆ ಕಾರಣ, ಅವರು ಸ್ಕಾಟ್ಲೆಂಡಿನಲ್ಲಿ ಕೆಲಸಕ್ಕಿದ್ದ ಒಂದು ಕೋಟೆ; ಅದರ ಚರಿತ್ರೆಯನ್ನು ನಾನು ಕೇಳಿದ್ದು ಲಾಂಡ್ರಿ ರೂಮಿನಲ್ಲಿ. ಪ್ರತಿ ಶನಿವಾರ ಬೆಳಿಗ್ಗೆ ಅವರು ಮೆಟ್ಟಿಲು ತೊಳೆದು, ಮಂಡಿಯೂರಿ ಸೀಮೆಸುಣ್ಣದಲ್ಲಿ ಆ ಗೆರೆ ಎಳೆದು, ಆಮೇಲೆ ಬಟ್ಟೆಯ ಬುಟ್ಟಿ ಹಿಡಿದು ಬರುತ್ತಿದ್ದರು. ನಾನೂ ಹೋಗುತ್ತಿದ್ದೆ. ಗಂಡ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯಲ್ಲಿ ಶನಿವಾರವೂ ದುಡಿಯುತ್ತಿದ್ದರು, ಮಗಳಿನ್ನೂ ತೊಡೆಯ ಮೇಲಿನ ಕೂಸು, ಮನೆಯಲ್ಲಿ ಕೂತರೆ ಗೋಡೆ ಜೊತೆ ಮಾತಾಡಬೇಕಿತ್ತು. ಡ್ರೈಯರು ತಿರುಗುವಷ್ಟು ಹೊತ್ತು ಅವರ ಕಥೆ. ಡ್ರೈಯರು ನಿಂತರೆ ಕಥೆಯೂ ನಿಲ್ಲುತ್ತಿತ್ತು.

ಅವರು ಹದಿನಾಲ್ಕರ ವಯಸ್ಸಿನಲ್ಲಿ ಅಡುಗೆಮನೆಯ ಹುಡುಗಿಯಾಗಿ ಆ ಕೋಟೆ ಸೇರಿದ್ದರು. ಕೋಟೆ ಎಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆ. ಗುಡ್ಡ, ಸುತ್ತುಗೋಡೆ, ಒಳಗೆ ಬಯಲು. ಇದು ಹಾಗಲ್ಲವಂತೆ. ನದಿಯ ಪಕ್ಕ ನೆಟ್ಟಗೆ ನಿಂತ ಒಂದು ಕಲ್ಲಿನ ಗೋಪುರ, ಅದಕ್ಕೆ ಒಂದೊಂದು ತಲೆಮಾರಿನ ಧಣಿಯೂ ಅಂಟಿಸುತ್ತ ಹೋದ ಕೋಣೆಗಳು. ನಾಲ್ಕೈದು ನೂರು ವರ್ಷ ಹಳೆಯದು. ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ಹಾಸಿಗೆ ಹಾಕಿಕೊಂಡು ಇವರು ಮಲಗುತ್ತಿದ್ದರಂತೆ. ನದಿಯಾಚೆಯ ಧಣಿ ಒಮ್ಮೆ ದನ ಕದ್ದ ಸಿಟ್ಟಿಗೆ ಬಂದು ಇದಕ್ಕೆ ಬೆಂಕಿ ಇಟ್ಟನಂತೆ. ಯಾರ ದನ, ಯಾರು ಕದ್ದದ್ದು ಎಂದು ಕೇಳಿದೆ. "ಕದ್ದವರು ನಮ್ಮವರೇ" ಎಂದು ಅವರು ಯಾವ ನಾಚಿಕೆಯೂ ಇಲ್ಲದೆ ಹೇಳಿದರು. ಹೊಗೆ ಹಿಡಿದ ಕಲ್ಲುಗಳನ್ನೇ ತಿರುಗಿಸಿಟ್ಟು ಮತ್ತೆ ಕಟ್ಟಿದರಂತೆ. ಒಲೆಯ ಹಿಂದಿನ ಒಂದು ಕಲ್ಲು ಮಾತ್ರ ಕಪ್ಪು ಮುಖ ಹೊರಗೆ ಮಾಡಿಕೊಂಡೇ ಉಳಿದಿತ್ತು. ಅದನ್ನು ಉಜ್ಜಿ ಉಜ್ಜಿ ಇವರ ಉಗುರು ಸವೆದಿತ್ತು.

ಗೋಪುರಕ್ಕೆ ಸುರುಳಿ ಮೆಟ್ಟಿಲು. ಅದರ ನಡುವೆ ಒಂದು ಮೆಟ್ಟಿಲನ್ನು ಕಟ್ಟುವಾಗಲೇ ಬೇಕೆಂದು ಎತ್ತರ ಮಾಡಿಟ್ಟಿದ್ದರು. ಮನೆಯವರಿಗೆ ಅದು ಅಭ್ಯಾಸ, ಕತ್ತಿ ಹಿಡಿದು ನುಗ್ಗಿದ ಹೊರಗಿನವನು ಎಡವಿ ಬೀಳಬೇಕು. ಟ್ರೇ ಹೊತ್ತು ಹತ್ತುತ್ತಿದ್ದ ಇವರೂ ಮೊದಲ ವಾರ ಬಿದ್ದು ಧಣಿಯ ಗಂಜಿಯನ್ನು ಮೈಮೇಲೆ ಸುರಿದುಕೊಂಡಿದ್ದರು. ಆಮೇಲೆ ಕಾಲಿಗೆ ಪಾಠವಾಯಿತು. ನಲವತ್ತು ವರ್ಷಗಳ ಮೇಲೂ ಆ ಪಾಠ ಮರೆತಿರಲಿಲ್ಲ. ಅವರು ನಮ್ಮ ಮನೆಗೆ ಬರುವಾಗ ಅಪಾರ್ಟ್‌ಮೆಂಟಿನ ಮರದ ಮೆಟ್ಟಿಲ ನಡುವೆ ಒಂದು ಕಡೆ ಬಲಗಾಲು ತಾನಾಗಿ ಮೇಲೇಳುತ್ತಿತ್ತು, ಅಲ್ಲಿ ಏನೋ ಅಡ್ಡ ಇದ್ದ ಹಾಗೆ. ಅದನ್ನು ನೋಡಲೆಂದೇ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ.

ದೊಡ್ಡವರ ಕಥೆಗಳ ಮೇಲೆ ಅವರಿಗೆ ಅಷ್ಟು ಗೌರವವಿರಲಿಲ್ಲ. ಕೋಟೆಯ ಮೇಲಿನ ಕೋಣೆಯಲ್ಲಿ ಸ್ಕಾಟ್ಲೆಂಡಿನ ರಾಣಿ ಮಲಗಿದ್ದ ಮಂಚವೆಂದು ಒಂದನ್ನು ಬಂದವರಿಗೆ ತೋರಿಸುತ್ತಿದ್ದರಂತೆ. ಆ ಸೀಮೆಯ ಪ್ರತಿ ಕೋಟೆಯಲ್ಲೂ ಅಂಥದೊಂದು ಮಂಚ ಇದೆಯೆಂದೂ, ಅಷ್ಟೆಲ್ಲ ಕಡೆ ಮಲಗಿದ್ದರೆ ಪಾಪ ಆಕೆ ಎದ್ದದ್ದು ಯಾವಾಗ ಎಂದೂ ಅವರು ಕೇಳುತ್ತಿದ್ದರು. ಆದರೆ ಯಾವ ಗೋಡೆಯನ್ನು ಯಾರು ಕಟ್ಟಿದರು, ಯಾವ ಬಾಗಿಲನ್ನು ಯಾರು ಮುಚ್ಚಿಸಿದರು ಎಂಬುದರಲ್ಲಿ ಮಾತ್ರ ತಮಾಷೆ ಇಲ್ಲ. ನಾನೆಲ್ಲಾದರೂ ಅಜ್ಜನ ಗೋಡೆಯನ್ನು ಮೊಮ್ಮಗನಿಗೆ ಕೊಟ್ಟರೆ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟು ಮೊದಲಿಂದ ಶುರು ಮಾಡುತ್ತಿದ್ದರು. ನನಗೆ ನಮ್ಮ ಮುತ್ತಜ್ಜನ ಹೆಸರೇ ನೆಟ್ಟಗೆ ಗೊತ್ತಿಲ್ಲ, ಇವರ ಧಣಿಗಳ ವಂಶಾವಳಿ ಬಾಯಿಪಾಠವಾಗಿ ಹೋಯಿತು.

ಗೆರೆಯನ್ನು ಕಲಿಸಿದ್ದು ಕೋಟೆಯ ಅಡುಗೆಯಾಕೆ. ಆ ಸೀಮೆಯಲ್ಲಿ ಬಡವರ ಗುಡಿಸಿಲಿನಲ್ಲೂ ಹೆಂಗಸರು ಹೊಸ್ತಿಲು ತೊಳೆದು, ಬಿಳಿ ಮಣ್ಣಿನ ಉಂಡೆಯಲ್ಲಿ ಇಂಥ ಎಳೆ ಹಾಕುತ್ತಿದ್ದರಂತೆ. ಕೆಟ್ಟದ್ದು ಒಳಗೆ ಬರಲು ನೋಡಿದರೆ ಗೆರೆಯ ಸುತ್ತಿನಲ್ಲಿ ಸಿಕ್ಕಿ ದಾರಿ ತಪ್ಪಬೇಕು. ಅದಕ್ಕೇ ಎಳೆ ಎಲ್ಲೂ ಕಡಿಯಬಾರದು. ನಮ್ಮಲ್ಲಿ ಲಕ್ಷ್ಮಿ ಒಳಗೆ ಬರಲೆಂದು ಹಾಕುತ್ತೇವೆ ಎಂದೆ. ಅವರು ಯೋಚಿಸಿ, ನಿಮ್ಮ ಊರಲ್ಲಿ ಬರುವವರು ಒಳ್ಳೆಯವರಿರಬೇಕು ಎಂದರು.

ಹಾಗಿದ್ದೂ ಅವರ ಮೆಟ್ಟಿಲ ಗೆರೆಯಲ್ಲಿ ಒಂದು ಕಡೆ, ನಡುವಿಗೆ ಸರಿಯಾಗಿ, ಹೆಬ್ಬೆರಳಗಲದ ಸಂದು ಇರುತ್ತಿತ್ತು. ವಯಸ್ಸಾದವರ ಕಣ್ಣು, ಬಿಟ್ಟುಹೋಗಿರಬೇಕು ಎಂದುಕೊಂಡೆ. ಹೇಳಿ ಮನಸ್ಸು ನೋಯಿಸುವುದೇಕೆಂದು ಸುಮ್ಮನಿದ್ದೆ.

ಅಪಾರ್ಟ್‌ಮೆಂಟಿನ ಮ್ಯಾನೇಜರು ಸುಮ್ಮನಿರಲಿಲ್ಲ. ಮೆಟ್ಟಿಲ ಮೇಲೆ ಸುಣ್ಣ ಬಳಿಯುವಂತಿಲ್ಲ, ಯಾರಾದರೂ ಜಾರಿ ಬಿದ್ದಾರು ಎಂದು ಒಂದು ದಿನ ಬಂದ. ಕೋಟೆಯಮ್ಮ ವಾದ ಮಾಡಲಿಲ್ಲ. ಬಕೆಟ್ಟು ತಂದರು, ಬ್ರಶ್ಶು ತಂದರು, ಅವನ ಎದುರಿಗೇ ಮಂಡಿಯೂರಿ ತಮ್ಮ ಮೆಟ್ಟಿಲು ಮಾತ್ರವಲ್ಲ, ಆ ಸಾಲಿನ ಮೆಟ್ಟಿಲುಗಳನ್ನೆಲ್ಲ ಉಜ್ಜಿ ತೊಳೆದರು. ಆಮೇಲೆ ಎದ್ದು ತಮ್ಮ ಮೆಟ್ಟಿಲಿಗೆ ಬಂದು ಮತ್ತೆ ಗೆರೆ ಎಳೆದರು. ಅವನು ಕೀಲಿಗೊಂಚಲು ಆಡಿಸುತ್ತ ನಿಂತಿದ್ದು ಹೊರಟುಹೋದ. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಅವರು ಈ ದೇಶಕ್ಕೆ ಬಂದದ್ದು ಮದುವೆಯಾಗಿ. ಯುದ್ಧದ ಕಾಲದಲ್ಲಿ ಕೋಟೆ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಕಾಲಿಗೆ ಗುಂಡು ತಗುಲಿದ ಅಮೆರಿಕದ ಸೈನಿಕನೊಬ್ಬ ಅಲ್ಲಿ ಮಲಗಿದ್ದ. ಅವನ ಊರು ಸಾಂಟಾ ಕ್ಲಾರಾ ಆಗ ಬರೀ ಏಪ್ರಿಕಾಟಿನ ತೋಟವಂತೆ, ಅವನು ಹಣ್ಣಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾದ. ಒಬ್ಬನೇ ಮಗ. ಹುಡುಗನಿಗೆ ಎಂಟೊಂಬತ್ತು ವರ್ಷವಾಗಿದ್ದಾಗ ಮೂವರೂ ಕೋಟೆ ನೋಡಲು ಹೋಗಿದ್ದರು. ಹೋದರೆ ಕೋಟೆಗೆ ಚಾವಣಿಯೇ ಇಲ್ಲ. ಚಾವಣಿ ಇಲ್ಲದ್ದಕ್ಕೆ ಮನೆಯ ತೆರಿಗೆ ಇಲ್ಲವೆಂದು ಕೊನೆಯ ಧಣಿ ಅದನ್ನು ಕಿತ್ತುಹಾಕಿಸಿದ್ದ. ಒಳಗೆ ಹುಲ್ಲು ಬೆಳೆದಿತ್ತು, ರಾಣಿಯ ಮಂಚ ಯಾರ ಪಾಲಾಯಿತೋ. ಹೊಸ್ತಿಲ ಕಲ್ಲು ಇತ್ತು. ಇವರು ಕರವಸ್ತ್ರದಲ್ಲಿ ಅದನ್ನು ಒರೆಸಿ, ಮಗನ ಜೇಬಿನಲ್ಲಿದ್ದ ಸೀಮೆಸುಣ್ಣ ಇಸಿದುಕೊಂಡು ಗೆರೆ ಎಳೆದರು. ಗಂಡ ಕುಂಟುತ್ತ ಹೋಗಿ ಫೋಟೋ ತೆಗೆಯುತ್ತಿದ್ದ. ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ.

ಇಷ್ಟೆಲ್ಲ ಹೇಳುತ್ತಿದ್ದವರು ಒಂದು ಕಡೆ ಮಾತ್ರ ನಿಲ್ಲಿಸಿಬಿಡುತ್ತಿದ್ದರು. ಚರಿತ್ರೆಯಲ್ಲಿ ಅಣ್ಣತಮ್ಮಂದಿರಿಬ್ಬರ ಜಗಳ ಬರುತ್ತಿತ್ತು. ಯಾವ ರಾಜನ ಕಡೆ ನಿಲ್ಲಬೇಕೆಂದು ಜಗಳ, ತಮ್ಮನಾದವನು ಮನೆ ಬಿಟ್ಟು ಹೋದ. ಆಮೇಲೇನಾಯಿತೆಂದು ಕೇಳಿದರೆ, ಬಟ್ಟೆ ಒಣಗಿತು ನೋಡು ಎಂದು ಏಳುತ್ತಿದ್ದರು. ಮಗ ಎಲ್ಲಿದ್ದಾನೆ ಎಂದರೂ ಕೆನಡಾ ಎಂಬ ಒಂದೇ ಮಾತು.

ಹೀಗೆ ಕೆಲವು ವರ್ಷ ನಡೆದ ಮೇಲೆ ಹಾಸನದಿಂದ ನಮ್ಮಮ್ಮ ಬಂದರು. ಆರು ತಿಂಗಳ ವೀಸಾ. ಸೀರೆ, ಅದರ ಮೇಲೆ ನನ್ನ ಗಂಡನ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬೆಳಿಗ್ಗೆ ಕಾಂಪೌಂಡು ಸುತ್ತುವುದು ಅವರ ವಾಕಿಂಗು. ಮೊದಲ ಶನಿವಾರವೇ ಇಬ್ಬರು ಮುದುಕಿಯರೂ ಮೆಟ್ಟಿಲ ಬಳಿ ಸಂಧಿಸಿದರು. ಅಮ್ಮನಿಗೆ ಇಂಗ್ಲಿಷು ಬಾರದು, ಕೋಟೆಯಮ್ಮನಿಗೆ ಕನ್ನಡ ಬಾರದು. ಅಮ್ಮ ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಯಿಂದ ರಂಗೋಲಿ ಪುಡಿ ತರಿಸಿ ಕೊಟ್ಟರು, ಕೋಟೆಯಮ್ಮನ ಬೆರಳಿಂದ ಅದು ಮುದ್ದೆಮುದ್ದೆಯಾಗಿ ಬಿತ್ತು. ಅವರು ಅಮ್ಮನಿಗೆ ಸೀಮೆಸುಣ್ಣ ಕೊಟ್ಟರು, ಅಮ್ಮ ಒತ್ತಿ ಮುರಿದರು. ಚುಕ್ಕಿಯನ್ನೇ ಇಡದೆ ಎಳೆ ಎಳೆಯುವ ಕೈಯನ್ನು ಅಮ್ಮ ಬಾಯಿ ತುಂಬ ಹೊಗಳಿದರು. ಆದರೆ ಆ ಸಂದು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಗೆರೆ ಕೂಡದ ರಂಗೋಲಿ ಬಾಗಿಲಲ್ಲಿದ್ದರೆ ಮನೆಗೆ ಒಳ್ಳೆಯದಲ್ಲ ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದರು.

ಒಂದು ಶನಿವಾರ ವಾಕಿಂಗಿಗೆ ಹೋದವರು ತಡೆಯಲಾರದೆ, ಹೂಕುಂಡದಲ್ಲಿದ್ದ ಸೀಮೆಸುಣ್ಣ ತೆಗೆದು ಸಂದನ್ನು ಕೂಡಿಸಿಬಿಟ್ಟರು. ಅಷ್ಟರಲ್ಲಿ ಕೋಟೆಯಮ್ಮ ಪೇಪರು ತೆಗೆದುಕೊಳ್ಳಲು ಬಾಗಿಲು ತೆರೆದರು. ಅಮ್ಮ ಸಂತೋಷದಿಂದ ಬೆರಳು ಮಾಡಿ ತೋರಿಸಿದರು. ಕೋಟೆಯಮ್ಮನ ಮುಖ ಸುಟ್ಟುಹೋದಂತಾಯಿತಂತೆ. ಕುಸಿದು ಕೂತು ಅಂಗೈಯಲ್ಲೇ ಇಡೀ ಗೆರೆಯನ್ನು ಉಜ್ಜಿ ಉಜ್ಜಿ ಅಳಿಸಿ, ಬಾಗಿಲು ಹಾಕಿಕೊಂಡರಂತೆ.

"ನಾನೇನ್ ಮಾಡಿದ್ನೇ? ಕೂಡ್ಸಿದ್ದಷ್ಟೇ ಕಣೇ" ಎಂದು ಅಮ್ಮ ಬಂದು ಕೂತರು. ಆ ದಿನ ತಿಂಡಿ ತಿನ್ನಲಿಲ್ಲ.

ನಾನು ಲಾಂಡ್ರಿ ರೂಮಿಗೆ ಹೋಗಿ ಕಾದೆ. ಕೋಟೆಯಮ್ಮ ಬರುವಾಗ ಮಧ್ಯಾಹ್ನ ದಾಟಿತ್ತು. ಅಂಗೈ ತರಚಿತ್ತು. ಅಮ್ಮನಿಗೆ ತಿಳಿಯದು, ಬೇಸರ ಮಾಡಿಕೊಳ್ಳಬೇಡಿ ಎಂದೆ. ಅವರು ಡ್ರೈಯರಿಗೆ ಕ್ವಾರ್ಟರು ನಾಣ್ಯ ಹಾಕಿ, ಅದರ ಸದ್ದಿನಲ್ಲಿ, ಇಷ್ಟು ವರ್ಷ ನುಂಗಿಕೊಂಡಿದ್ದ ಭಾಗವನ್ನು ಹೇಳಿದರು.

ಮನೆ ಬಿಟ್ಟು ಹೋಗಿದ್ದ ತಮ್ಮ ಒಂದು ಹಿಮದ ಸಂಜೆ ವಾಪಸು ಬಂದು ಕೋಟೆಯ ದೊಡ್ಡ ಬಾಗಿಲು ತಟ್ಟಿದ. ತೆರೆಯಕೂಡದೆಂದು ಅಣ್ಣನ ಅಪ್ಪಣೆ. ಅವರ ತಾಯಿ ಒಳಗಿದ್ದಳು. ತಟ್ಟುವುದು ಅವಳಿಗೆ ಕೇಳುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆದಾಗ ಹುಡುಗ ಹೊಸ್ತಿಲ ಮೇಲೆ ಹೆಪ್ಪುಗಟ್ಟಿ ಸತ್ತಿದ್ದ. ಧಣಿಗಳು ಬರೆಸಿದ ಚರಿತ್ರೆಯಲ್ಲಿ ಅವನು ಯುದ್ಧದಲ್ಲಿ ಮಡಿದ. ಅಡುಗೆಮನೆಯ ಚರಿತ್ರೆ ಬೇರೆ. ಹೆಣ ಎತ್ತಿದ ಮೇಲೆ ಕೆಲಸದವಳು ಹೊಸ್ತಿಲು ತೊಳೆದು ಗೆರೆ ಹಾಕಿದಳು. ತಾಯಿ ಕೆಳಗಿಳಿದು ಬಂದು, ಬಗ್ಗಿ, ಹೆಬ್ಬೆರಳಿಂದ ಗೆರೆಯ ನಡುವೆ ಒರೆಸಿ ದಾರಿ ಬಿಟ್ಟಳು. ಅವತ್ತಿನಿಂದ ಆ ಒಂದು ಬಾಗಿಲಲ್ಲಿ ಯಾರೂ ಎಳೆಯನ್ನು ಕೂಡಿಸಲಿಲ್ಲ. ಒಬ್ಬ ಅಡುಗೆಯಾಕೆಯಿಂದ ಇನ್ನೊಬ್ಬಳಿಗೆ ಬಂದು, ಕೊನೆಗೆ ಇವರಿಗೆ ಬಂತು. ಕೋಟೆ ನೋಡಲು ಹೋದ ದಿನ ಆ ಹೊಸ್ತಿಲಲ್ಲೇ ಕೂತು ಇವರು ಇದನ್ನು ಮಗನಿಗೂ ಹೇಳಿದ್ದರು.

ಅದನ್ನು ಹೇಳಿ ಅವರು ನಿಲ್ಲಿಸಲಿಲ್ಲ. ಅದೇ ದನಿಯಲ್ಲಿ ಮುಂದಿನದನ್ನೂ ಹೇಳಿದರು. ವಿಯೆಟ್ನಾಮ್ ಯುದ್ಧಕ್ಕೆ ಕರೆ ಬಂದಾಗ ಮಗ ಹೋಗುವುದಿಲ್ಲವೆಂದ. ಗಂಡ ಕೆಟ್ಟವನಲ್ಲ, ಆದರೆ ಒಂದು ಕಾಲನ್ನು ಯುದ್ಧಕ್ಕೆ ಕೊಟ್ಟು ಬಂದವನು. ಹೊರಗೆ ಹೋಗೆಂದ. ಎರಡು ದಿನ ಬಿಟ್ಟು, ತಪ್ಪಿಸಿಕೊಂಡು ಕೆನಡಾದ ಗಡಿ ದಾಟುವ ಮೊದಲು, ಹುಡುಗ ಹೇಳಿ ಹೋಗಲು ಬಂದು ಬಾಗಿಲು ತಟ್ಟಿದ. ಗಂಡ ಕುರ್ಚಿಯಿಂದ ಏಳಲಿಲ್ಲ.

"ತೆರೆಯಬೇಡ ಅಂದವರು ನನ್ನ ಗಂಡ. ಆದರೆ ಚಿಲಕ ನನ್ನ ಕೈಗೂ ಎಟುಕುತ್ತಿತ್ತು, ಹುಡುಗಿ" ಎಂದರು.

ಸರ್ಕಾರ ಅಂಥ ಹುಡುಗರನ್ನೆಲ್ಲ ಕ್ಷಮಿಸಿ ವರ್ಷಗಳಾಗಿದ್ದವು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗ ಮಣ್ಣಿಗೂ ಬರಲಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಬರುತ್ತಿತ್ತು, ಇವರೂ ಒಂದು ಹಾಕುತ್ತಿದ್ದರು. ಬಾ ಎಂದು ಬರೆಯಲು ತಮಗೆ ಮುಖವಿಲ್ಲ ಎಂದರು. ಅದಕ್ಕೇ ಶನಿವಾರ ಶನಿವಾರ ಮೆಟ್ಟಿಲಲ್ಲಿ ಸಂದು ಬಿಡುತ್ತಿದ್ದರು.

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅಳು ಬಂದಾಗ ಸುಮ್ಮನಿರುವ ಜಾಯಮಾನ ನನ್ನದಲ್ಲ. "ಆ ತಾಯಿಯ ಮಗ ಸತ್ತಿದ್ದ. ನಿಮ್ಮ ಮಗ ಇದ್ದಾನೆ. ಕೆನಡಾದಲ್ಲಿ ಕೂತವನಿಗೆ ನಿಮ್ಮ ಮೆಟ್ಟಿಲು ಹೇಗೆ ಕಾಣಬೇಕು?" ಎಂದುಬಿಟ್ಟೆ.

ಅವರು ಒಂದೇ ದಿಂಬಿನ ಚೀಲವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. ಆ ವಾರವೆಲ್ಲ ನಮ್ಮ ಮನೆಗೆ ಬರಲಿಲ್ಲ. ಮಾತು ಹೆಚ್ಚಾಯಿತೆಂದು ನಾನೂ ಹೋಗಲಿಲ್ಲ. ಮುಂದಿನ ಶನಿವಾರ ಅವರೇ ಮೆಟ್ಟಿಲು ಹತ್ತಿ ಬಂದು, ನಿನ್ನ ಗಂಡನ ಹತ್ತಿರ ಕ್ಯಾಮೆರಾ ಇದೆಯೇ ಎಂದು ಕೇಳಿದರು.

ಮೆಟ್ಟಿಲ ಫೋಟೋ ತೆಗೆಯಬೇಕಿತ್ತು, ಗೆರೆ ಮತ್ತು ಸಂದು ಚೆನ್ನಾಗಿ ಕಾಣುವಂತೆ. ನನ್ನ ಗಂಡ ಕ್ಯಾಮೆರಾ ಸರಿ ಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಒಳಗೆ ಹೋಗಿ ಮೈಸೂರು ರೇಷ್ಮೆ ಉಟ್ಟು ಬಂದು ಮೆಟ್ಟಿಲ ಪಕ್ಕದಲ್ಲಿ ನಿಂತರು. ಫೋಟೋ ಎಂದ ಮೇಲೆ ಮನುಷ್ಯರಿಲ್ಲದೆ ಬರೀ ನೆಲವನ್ನು ಯಾರು ತೆಗೆಸುತ್ತಾರೆ ಎಂಬುದು ಅವರ ನ್ಯಾಯ. ಪಕ್ಕಕ್ಕೆ ಸರಿಯಿರಿ ಎನ್ನಲು ಹೊರಟ ನನ್ನನ್ನು ಕೋಟೆಯಮ್ಮನೇ ತಡೆದರು. ಫೋಟೋವನ್ನು ಲಕೋಟೆಗೆ ಹಾಕಿ ಮಗನಿಗೆ ಕಳಿಸಿದರು, ಜೊತೆಗೆ ಒಂದಕ್ಷರ ಬರೆಯಲಿಲ್ಲ.

ವಾರಗಳು ಕಳೆದವು. ಯಾರೂ ಬರಲಿಲ್ಲ, ಏನೂ ಬರಲಿಲ್ಲ. ಕೋಟೆಯಮ್ಮ ದಿನಾ ಮೆಟ್ಟಿಲು ತೊಳೆಯಲು ಶುರು ಮಾಡಿದರು. ಅಮ್ಮ ಊರಿಗೆ ಹೋಗುವ ದಿನ ಹತ್ತಿರವಾಗುತ್ತಿತ್ತು. ಸುಮ್ಮನಿದ್ದ ಹುಣ್ಣನ್ನು ಕೆರೆದೆನೇ ಎಂದುಕೊಳ್ಳುತ್ತ ನಾನು ಅವರ ಅಂಚೆಪೆಟ್ಟಿಗೆಯತ್ತ ಕಣ್ಣು ಹಾಯಿಸುತ್ತಿದ್ದೆ.

ಅವನು ಬಂದದ್ದು ಒಂದು ಮಧ್ಯಾಹ್ನ. ಅಮ್ಮ ಅಂಗಳದ ಬೆಂಚಿನ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದರು, ನಾನು ಮೇಲೆ ಬಾಲ್ಕನಿಯಲ್ಲಿದ್ದೆ. ನರೆತ ಗಡ್ಡದ ಉದ್ದನೆಯ ಮನುಷ್ಯನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ಆ ಕಂದು ಬಾಗಿಲುಗಳ ನಡುವೆ ನಾನು ಹಿಂದೆ ಅಲೆದ ಹಾಗೆಯೇ ಅಲೆಯುತ್ತಿದ್ದ. ಅಮ್ಮನನ್ನು ಕಂಡು ನಿಂತ. ಜೇಬಿನಿಂದ ಫೋಟೋ ತೆಗೆದ. ಫೋಟೋ ನೋಡಿದ, ಅಮ್ಮನ ಸೀರೆ ನೋಡಿದ. ಅಮ್ಮ ಸೊಪ್ಪು ಕೆಳಗಿಟ್ಟು ಎದ್ದು, "ಬಾಪ್ಪ, ಬಾ" ಎಂದು ಮುಂದೆ ನಡೆದರು.

ಬಾಗಿಲ ಹತ್ತಿರ ಅವನು ಬೆಲ್ಲು ಒತ್ತಲಿಲ್ಲ. ಬಗ್ಗಿ ಗೆರೆಯನ್ನು ನೋಡಿದ. ಸಂದಿನಲ್ಲಿ ಹೆಬ್ಬೆರಳು ಇಟ್ಟ. ಎಷ್ಟು ಹೊತ್ತಾದರೂ ಏಳದಿದ್ದುದನ್ನು ಕಂಡು ಅಮ್ಮನೇ ಬೆಲ್ಲು ಒತ್ತಿದರು. ಕೋಟೆಯಮ್ಮ ಬಾಗಿಲು ತೆರೆದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಅವನ ತೋಳು ಹಿಡಿದು ಒಳಗೆ ಎಳೆದುಕೊಂಡರು. ಆ ಬಾಗಿಲು ಸಂಜೆಯವರೆಗೂ ತೆರೆದೇ ಇತ್ತು.

ಎರಡು ದಿನ ಬಿಟ್ಟು ತಾಯಿ ಮಗನನ್ನು ಊಟಕ್ಕೆ ಕರೆದೆ. ನಾನು ಎಂದಿನಂತೆ ಬಾಗಿಲಲ್ಲಿ ನಿಂತಿದ್ದೆ. ಮೆಟ್ಟಿಲ ನಡುವೆ ಕೋಟೆಯಮ್ಮನ ಬಲಗಾಲು ಮೇಲೆದ್ದಿತು. ಹಿಂದೆ ಬರುತ್ತಿದ್ದ ಮಗನ ಕಾಲೂ ಅದೇ ಮೆಟ್ಟಿಲಲ್ಲಿ ಹಾಗೆಯೇ ಎದ್ದಿತು. ಚಿಕ್ಕಂದಿನಲ್ಲಿ ಅವರ ಕೈ ಹಿಡಿದು ಮೆಟ್ಟಿಲು ಹತ್ತುವಾಗಲೇ ಕಲಿತದ್ದಿರಬೇಕು. ಅವನಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ.

ಶನಿವಾರ ಬಂತು. ಮಗ ಒಳಗೆ ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದ. ಕೋಟೆಯಮ್ಮ ಮೆಟ್ಟಿಲು ತೊಳೆದು, ಮಂಡಿಯೂರಿ, ಗೆರೆಯನ್ನು ಎರಡೂ ಕಡೆಯಿಂದ ಸಂದಿನವರೆಗೆ ತಂದು ನಿಲ್ಲಿಸಿದರು. ವಾಕಿಂಗು ಮುಗಿಸಿ ಬರುತ್ತಿದ್ದ ಅಮ್ಮನನ್ನು ಕೈಬೀಸಿ ಕರೆದು, ಸೀಮೆಸುಣ್ಣವನ್ನು ಅವರ ಕೈಯಲ್ಲಿಟ್ಟರು.

ಅಮ್ಮ ಹಿಂದೆ ಸರಿದರು. "ಮತ್ತೆ ಸಿಟ್ಟಾಗ್ತಾಳೇನೋ, ಕೇಳೇ" ಎಂದು ನನ್ನತ್ತ ನೋಡಿದರು.

"ಅವನು ಒಳಗಿದ್ದಾನೆ ಅಂತ ನಿಮ್ಮಮ್ಮನಿಗೆ ಹೇಳು" ಎಂದರು ಕೋಟೆಯಮ್ಮ.

ಹೇಳಿದೆ. ಅಮ್ಮ ಸೆರಗು ಸಿಕ್ಕಿಸಿ ಕೂತು, ಈ ಸಲ ಸೀಮೆಸುಣ್ಣ ಮುರಿಯದ ಹಾಗೆ, ಎಳೆಯನ್ನು ಕೂಡಿಸಿದರು.

ಮುಂದಿನ ವರ್ಷ ಕೋಟೆಯಮ್ಮ ಮಗನ ಜೊತೆ ಇರಲು ಕೆನಡಾಕ್ಕೆ ಹೋದರು. ಅವರು ತೀರಿಕೊಂಡದ್ದೂ ಅಲ್ಲೇ, ಮಗನೇ ಫೋನು ಮಾಡಿ ತಿಳಿಸಿದ. ಆ ಕೋಟೆಯನ್ನು ನಾನು ನೋಡಿಲ್ಲ. ನೋಡಬೇಕೆಂಬ ಆಸೆಯೂ ಇಲ್ಲ, ಅದರ ಯಾವ ಕಲ್ಲು ಎಲ್ಲಿದೆಯೆಂದು ನನಗೆ ಗೊತ್ತು.

ಹಾಸನದಲ್ಲಿ ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ ಕಥೆ ಬೇರೆ. ಅಮೆರಿಕದಲ್ಲಿ ಒಬ್ಬ ಬ್ರಿಟಿಷರ ಹೆಂಗಸಿಗೆ ಗೆರೆ ಕೂಡಿಸಲು ಬರುತ್ತಿರಲಿಲ್ಲ, ತಾನು ಹೋಗಿ ಕಲಿಸಿಬಂದೆ ಎಂದು. ಒಮ್ಮೆ ರಜಕ್ಕೆ ಹೋದಾಗ ಅವರನ್ನು ಕೂರಿಸಿಕೊಂಡು ಅಣ್ಣತಮ್ಮಂದಿರ ಜಗಳ, ಹಿಮ, ಆ ತಾಯಿಯ ಹೆಬ್ಬೆರಳು, ಚಿಲಕ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅಮ್ಮ ಪೂರ್ತಿ ಕೇಳಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅದೆಲ್ಲ ಸರಿ ಕಣೇ" ಎಂದರು. "ಕೂಡ್ಸೋಕೆ ಕರೆದಿದ್ದು ನನ್ನನ್ನೇ ತಾನೆ."